ತೊಳೆಯದೆ ಕಳಿಸಿದ ಅಂಗಿ

ವಿದ್ಯಾರ್ಥಿನಿಲಯ, ಮೂರನೆಯ ಮಹಡಿ
ಶುಕ್ರವಾರ, ಮಧ್ಯಾಹ್ನ

ರೀ,

ನಿಮ್ಮನ್ನು ಹೀಗೆ ಕರೆದು ಒಂದು ವರ್ಷದ ಮೇಲಾಯಿತು. ಈಚಿನ ಪತ್ರಗಳಲ್ಲೆಲ್ಲ ‘ಮಾನ್ಯರೇ’ ಎಂದು ಬರೆದದ್ದು ನಿಮ್ಮನ್ನು ಚುಚ್ಚಲಿಕ್ಕೇ. ನಿಮ್ಮಿಂದ ಟೈಪು ಮಾಡಿದ ಕಾಗದ ಬರತೊಡಗಿದ ಮೇಲೆ ನನಗೂ ಹಟ ಬಂತು. ಅವರು ಕಚೇರಿಯಾದರೆ ನಾನು ಅರ್ಜಿದಾರಳಾಗಿಯೇ ಇರುತ್ತೇನೆ ಎಂದುಕೊಂಡೆ. ಈಗ ಆ ಪತ್ರಗಳನ್ನೆಲ್ಲ ವಾಪಸು ತರಿಸಿಕೊಂಡು ಒಲೆಗೆ ಹಾಕಬೇಕು ಅನ್ನಿಸುತ್ತಿದೆ. ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಂದು ಮಾತನ್ನೂ ನೆಟ್ಟಗೆ ಮುಗಿಸಿದವರಲ್ಲ. ನಾನು ಅರ್ಧ ಹೇಳುವಷ್ಟರಲ್ಲಿ ನೀವು "ಸರಿ ಸರಿ, ಅಂಗಡೀಲಿ ಜನ ಇದಾರೆ" ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಪೂರ್ತಿ ಓದಲೇಬೇಕು.

ನಿನ್ನೆ ನನ್ನ ಕೊನೆಯ ಪ್ರಾಯೋಗಿಕ ಪರೀಕ್ಷೆ ಮುಗಿಯಿತು. ನೀವು ಕಳಿಸಿದ ಅಂಗಿಗೆ ಇಡೀ ತರಗತಿಯಲ್ಲೇ ಹೆಚ್ಚು ಅಂಕ ಬಂದಿದೆ. ಅದು ಹೇಗೆ ಬಂತು ಎಂದು ಹೇಳಲಿಕ್ಕೇ ಈ ಪತ್ರ. ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ. ಗೊತ್ತಿರುವುದನ್ನೇ ಹೇಳುತ್ತಿದ್ದಾಳೆ ಎಂದು ಮೂಗು ಮುರಿಯಬೇಡಿ, ನನಗೆ ಒಂದು ಸಲ ಸಾಲಾಗಿ ಹೇಳಿಕೊಳ್ಳಬೇಕಾಗಿದೆ.

ನಮ್ಮ ಲಾಂಡ್ರಿಯ ಕಟ್ಟೆಯ ಹಿಂದೆ ಕೂತು ಗಿರಾಕಿಗಳ ಉದುರಿದ ಗುಂಡಿ ಹಚ್ಚುತ್ತ, ಬಿಚ್ಚಿದ ಅಂಚು ಹೊಲಿಯುತ್ತ ನಲವತ್ತು ದಾಟಿಸಿದವಳು ನಾನು. ಅಂಥವಳು ಒಂದು ದಿನ ವಿಶ್ವವಿದ್ಯಾಲಯಕ್ಕೆ ಸೇರುತ್ತೇನೆ, ಉಡುಪಿನ ಚರಿತ್ರೆ ಓದುತ್ತೇನೆ, ನಾಟಕದವರ ಉಡುಪು ಮಾಡುವುದು ಕಲಿಯುತ್ತೇನೆ ಎಂದಾಗ ನಿಮ್ಮ ತಂಗಿ ಮಹಡಿಯಿಂದ ಇಳಿದು ಬಂದು, "ಅರವತ್ತಕ್ಕೆ ಅರಳು ಮರಳು ಅಂತಾರೆ, ಇವಳಿಗೆ ನಲವತ್ತಕ್ಕೇ ಬಂತಲ್ಲ" ಎಂದರು. ನೀವು ಮಾತ್ರ ನಕ್ಕಿರಿ. ಅಂಗಡಿಯ ಬೋರ್ಡಿನಲ್ಲಿ ನಿಮ್ಮ ತಂದೆಯ ಕಾಲದಿಂದ ಇರುವ ಸಾಲನ್ನು ತೋರಿಸಿದಿರಿ: ಎಂಥ ಕಲೆಯನ್ನಾದರೂ ತೆಗೆಯಲಾಗುವುದು. "ನೀನು ಕಲೆ ಕಲಿಯೋಕೆ ಹೋಗೋಳು, ನಾನು ಕಲೆ ತೆಗೆಯೋನು. ಸಂಸಾರ ಹೆಂಗೆ ನಡಿಯತ್ತೋ ನೋಡೋಣ" ಎಂದಿರಿ. ಆ ಜೋಕನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ಸವೆಸಿದಿರಿ. ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಮೊದಲ ವರ್ಷ ಎಷ್ಟು ಚೆನ್ನಾಗಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಕಲಿತದ್ದನ್ನೆಲ್ಲ ನಿಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದೆ. ಬಟ್ಟೆಗೆ ಬಣ್ಣ ಹಾಕುವ ಪಾಠ ಇದ್ದ ದಿನ ಎರಡೂ ಅಂಗೈ ನೀಲಿ ಮಾಡಿಕೊಂಡು ಬಂದಿದ್ದೆ. ಅಟ್ಟದ ಮೇಲಿನ ಡಬ್ಬ ಇಳಿಸಲು ನಿಮ್ಮ ಬೆನ್ನಿಗೆ ಕೈಯೂರಿ ಸ್ಟೂಲು ಹತ್ತಿದೆ. ಬೂದು ಬಣ್ಣದ ಕೆಲಸದ ಅಂಗಿಯ ಮೇಲೆ ನನ್ನ ಹಸ್ತ ಅಚ್ಚಾಯಿತು. "ಬೆನ್ನ ಮೇಲೆ ಮೊಹರು ಒತ್ತಿಬಿಟ್ಯಲ್ಲೇ. ಇರ್ಲಿ ಬಿಡು, ಚಿಟಿಕೆ ಹೊಡೆಯೋ ಕೆಲ್ಸ, ನಾಳೆ ತೆಗೀತೀನಿ" ಎಂದಿರಿ. ಆ ರಾತ್ರಿ ನಿಮ್ಮ ಊಟದ ತಟ್ಟೆಯ ಮೇಲೂ ನೀಲಿ ಇತ್ತು, ಅದಕ್ಕೂ ನೀವು ನಕ್ಕಿರಿ.

ಇಲ್ಲಿ ನಮಗೆ ಕಲಿಸಿದ್ದು ಮುಖ್ಯವಾಗಿ ಒಂದೇ. ಉಟ್ಟ ಬಟ್ಟೆಯನ್ನು ಓದುವುದು. ಎಲ್ಲಿ ಸವೆದಿದೆ, ಎಲ್ಲಿ ಹಿಗ್ಗಿದೆ, ಯಾವ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು, ಯಾವ ಕಲೆ ಮೊದಲಿನದು, ಯಾವುದು ಆಮೇಲಿನದು. ಅದನ್ನು ತಿಳಿಯದೆ ಹೊಸ ಉಡುಪು ಹೊಲಿದರೆ ನಟ ಅಂಗಡಿಯ ಗೊಂಬೆಯ ಹಾಗೆ ಕಾಣುತ್ತಾನೆ. ನಮ್ಮ ಮೇಡಂ (ಹುಡುಗಿಯರು ಅವರನ್ನು ಸೂಜಿ ಮೇಡಂ ಎನ್ನುತ್ತಾರೆ, ಕೂದಲಿನ ಗಂಟಿನಲ್ಲಿ ಸದಾ ಒಂದು ಸೂಜಿ ಇರುತ್ತದೆ) ಮೊದಲ ದಿನವೇ ಹೇಳಿದ ಮಾತನ್ನು ನಾನು ಬಂದು ನಿಮಗೆ ಹೇಳಿದ್ದೆ. "ಮನುಷ್ಯ ಸುಳ್ಳು ಹೇಳ್ತಾನೆ, ಅವನ ಮೊಳಕೈ ಹೇಳಲ್ಲ." ನೀವು ತಕ್ಷಣ ನಿಮ್ಮ ಮೊಳಕೈ ನೋಡಿಕೊಂಡಿರಿ.

ಆಮೇಲೆ ಆ ಕೋಟು.

ಅದರ ಮಾತು ಎತ್ತಬಾರದು ಎಂದು ನಾವಿಬ್ಬರೂ ಹೇಳಿಕೊಳ್ಳದೆಯೇ ಒಪ್ಪಿಕೊಂಡಿದ್ದೆವು. ಆದರೂ ಎತ್ತುತ್ತೇನೆ. ವಿಭಾಗದ ಸಂಗ್ರಹದಿಂದ ಎರಡನೆಯ ವರ್ಷದ ಅಧ್ಯಯನಕ್ಕೆಂದು ನನಗೆ ಕೊಟ್ಟದ್ದು ಒಬ್ಬ ಹಳೆಯ ನಟನ ಕೋಟು. ಒಂದೇ ನಾಟಕದಲ್ಲಿ ರಾಜನೂ ಅವನೇ, ಕೋಡಂಗಿಯೂ ಅವನೇ. ಒಂದು ಪಾತ್ರದಿಂದ ಇನ್ನೊಂದಕ್ಕೆ ಹೋಗುವಾಗ ಮುಖ ಒರೆಸಿಕೊಳ್ಳಲು ಪುರುಸೊತ್ತಿಲ್ಲದೆ ತೋಳಿನ ಒಳಗೆ ಒರೆಸಿಕೊಳ್ಳುತ್ತಿದ್ದ. ಅಲ್ಲಿ ಕೆಂಪು, ಬಿಳಿ, ಮತ್ತೆ ಕೆಂಪು, ಪದರ ಪದರವಾಗಿ ಬಣ್ಣ ಇತ್ತು. ನನ್ನ ಪ್ರಬಂಧವೆಲ್ಲ ಆ ಅಂಗೈಯಗಲದ ಜಾಗದ ಮೇಲೆಯೇ ನಿಂತಿತ್ತು. ಮನೆಯಲ್ಲಿ ಕೂತು ನಕ್ಷೆ ತೆಗೆಯುತ್ತೇನೆ ಎಂದು ಕೈಕಾಲು ಹಿಡಿದು ತಂದಿದ್ದೆ. ಮಾರನೆಯ ದಿನ ಬಸ್ಸಿಳಿದು ಬಂದರೆ ಅದು ಅಂಗಡಿಯ ಮುಂದೆ, ಗಾಜಿನ ಹಿಂದೆ, ಹ್ಯಾಂಗರಿಗೆ ನೇತಾಡುತ್ತಿತ್ತು, ಈಗ ತಾನೇ ಹೊಲಿದ ಹಾಗೆ. ನಿಮ್ಮ ಮುಖದಲ್ಲಿ ಎಂಥ ಕಳೆ ಇತ್ತು. "ನನ್ನ ಜೀವಮಾನದಲ್ಲೇ ಇಂಥ ಕೆಲ್ಸ ಮಾಡಿರ್ಲಿಲ್ಲ ಕಣೇ. ಒಂದು ಚುಕ್ಕೆ ಉಳಿದಿದ್ರೆ ತೋರ್ಸು" ಎಂದಿರಿ.

ನಾನು ಎಲ್ಲ ಗಿರಾಕಿಗಳ ಮುಂದೆ ಅಂದೆ, "ಆ ಕೈ ಸೇದುಹೋಗ್ಬಾರ್ದಾ."

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. ಚಿಕ್ಕಂದಿನಲ್ಲಿ ನಾವು ಹಾಲು ಚೆಲ್ಲಿದಾಗ ಅಮ್ಮ ನಮಗೂ ಅನ್ನುತ್ತಿದ್ದಳು. ಅಂದ ಮರುಕ್ಷಣವೇ ನುಂಗಿಕೊಳ್ಳಬೇಕಿತ್ತು, ನುಂಗಲಿಲ್ಲ. ನೀವು ಕೋಟನ್ನು ಮಡಚಿ, ಎಂದಿನಂತೆ ಮೇಲೆ ತೆಳು ಕಾಗದ ಹಾಕಿ, ನನ್ನ ಕೈಗೆ ಕೊಟ್ಟಿರಿ. ಅದೇ ವಾರ ನಾನು ಗಂಟುಮೂಟೆ ಕಟ್ಟಿಕೊಂಡು ಈ ವಿದ್ಯಾರ್ಥಿನಿಲಯಕ್ಕೆ ಬಂದೆ, ಬಸ್ಸಿನ ಓಡಾಟ ಕಷ್ಟ ಎಂದು ನೆಪ ಹೇಳಿ.

ವಿಭಾಗದಲ್ಲಿ ನನ್ನನ್ನು ಬೈದರು, ಆಮೇಲೆ ಮರೆತರು. ಮೇಡಂ, "ಇನ್ಮೇಲೆ ಇದನ್ನ ತೊಳೆದ ಕೋಟು ಅಂತ್ಲೇ ಓದೋಣ. ತೊಳೆದವರ ಕೈಯೂ ಅದರ ಚರಿತ್ರೆಗೆ ಸೇರ್ತಲ್ಲ" ಎಂದರು. ಅಷ್ಟು ದೊಡ್ಡ ಮನಸ್ಸು ಹೊರಗಿನವರಿಗೆ ಇತ್ತು. ನನಗೆ ಇರಲಿಲ್ಲ. ನೀವು ಕೈಯಾರೆ ಬರೆದ ಎರಡು ಪತ್ರಗಳಿಗೆ ನಾನು ಉತ್ತರವನ್ನೇ ಬರೆಯಲಿಲ್ಲ. ಮೂರನೆಯದಕ್ಕೆ ನಾಲ್ಕು ಸಾಲು ಗೀಚಿದೆ. ಅದಾದ ಮೇಲೆ ಬಹಳ ದಿನ ಏನೂ ಬರಲಿಲ್ಲ, ಬಂದಾಗ ಟೈಪಾಗಿ ಬಂತು.

ಅದು ನಿಮ್ಮ ತಂಗಿಯ ಕೈಕೆಲಸ ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು. ಕಂದಾಯ ಕಚೇರಿಯ ಗುಮಾಸ್ತೆಯಲ್ಲದೆ ಇನ್ಯಾರು ಹೆಂಡತಿಗೆ ‘ತಮ್ಮ ಪತ್ರ ತಲುಪಿರುತ್ತದೆ’ ಎಂದು ಬರೆಯುತ್ತಾರೆ? ನೀವು ಹೇಳಿದ್ದನ್ನು ಅವರು ಅವರ ಭಾಷೆಗೆ ತಿರುಗಿಸಿದ್ದರು. ನಾನು ಮಾತ್ರ ನೀವೇ ಬೇಕೆಂದು ಮುಖ ತಿರುಗಿಸಿದ್ದೀರಿ ಎಂದುಕೊಂಡೆ. ಊರೂರು ತಿರುಗುವ ನಾಟಕ ಕಂಪನಿಯವರು ಉಡುಪಿನ ಜವಾಬ್ದಾರಿಗೆ ನನ್ನನ್ನು ಕರೆದಾಗ, ಹೋಗಲೋ ಬೇಡವೋ ಎಂದು ನಿಮಗೆ ಬರೆದು ಕೇಳಿದೆನಲ್ಲ. ಬೇಡ ಅನ್ನಲಿ ಎಂಬ ಆಸೆಯಿಂದಲೇ ಕೇಳಿದ್ದು. ಉತ್ತರ ಬಂತು: ‘ತಾವು ಹೋಗಬಹುದು. ಇಲ್ಲಿ ಎಲ್ಲವೂ ಯಥಾಸ್ಥಿತಿಯಲ್ಲಿದೆ.’ ಆ ಯಥಾಸ್ಥಿತಿಯನ್ನು ಓದಿ ಹಾಸಿಗೆಯ ಮೇಲೆ ಬಿದ್ದುಕೊಂಡು ಉರಿದುಹೋದೆ. ಮಾರನೆಯ ದಿನವೇ ಕಂಪನಿಯವರಿಗೆ ಹೂಂ ಎಂದುಬಿಟ್ಟೆ.

ಇನ್ನು ಪರೀಕ್ಷೆಯ ವಿಷಯ. ನಿಯಮ ಏನೆಂದರೆ, ದುಡಿಯುವವರು ಮೈಮೇಲೆ ಹಾಕಿದ ಒಂದು ಬಟ್ಟೆಯನ್ನು ತೊಳೆಯದೆ, ಕಟ್ಟು ಬಿಚ್ಚದೆ ತರಬೇಕು. ಪರೀಕ್ಷಕರ ಎದುರಿಗೇ ಬಿಚ್ಚಿ, ಮೊದಲ ಬಾರಿಗೆ ನೋಡುತ್ತ, ಗಟ್ಟಿಯಾಗಿ ಓದಬೇಕು. ಹುಡುಗಿಯರೆಲ್ಲ ಚಿಕ್ಕಪ್ಪ ಮಾವಂದಿರಿಗೆ ಬರೆದು ತರಿಸಿಕೊಂಡರು. ನನಗೆ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ? ಲಾಂಡ್ರಿಯವನಿಗೆ ಕೊಳೆಬಟ್ಟೆ ಕಳಿಸು ಎಂದು ಬರೆಯುವಾಗ ಸ್ವಲ್ಪ ಕುಚೋದ್ಯವೂ ಇತ್ತು, ಸುಳ್ಳೇಕೆ ಹೇಳಲಿ. ಕಟ್ಟು ಬಂತು. ಮೇಲೊಂದು ಚೀಟಿ: ‘ತಾವು ಕೋರಿದಂತೆ ಒಂದು ಅಂಗಿಯನ್ನು ಇದರೊಂದಿಗೆ ಲಗತ್ತಿಸಲಾಗಿದೆ. ತೊಳೆದಿಲ್ಲ.’ ಪಕ್ಕದ ಕೋಣೆಯ ಹುಡುಗಿ ಅದನ್ನು ಓದಿ ಓದಿ ನಕ್ಕಳು. ನಾನೂ ನಕ್ಕೆ, ಬೇರೆ ಥರ.

ದೊಡ್ಡ ಕತ್ತರಿಸುವ ಮೇಜು, ಎತ್ತರದ ಕಿಟಕಿ, ಬಿಳಿ ಬಟ್ಟೆ ಹಾಸಿದ್ದರು. ಮೇಡಂ ಒಂದು ಕಡೆ, ಹೊರಗಿನಿಂದ ಬಂದ ಪರೀಕ್ಷಕರು ಇನ್ನೊಂದು ಕಡೆ. ಅವರ ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅದರಿಂದ ಅವರು ಅಂಗಿ ನೋಡುತ್ತಾರೋ ನಮ್ಮನ್ನು ನೋಡುತ್ತಾರೋ ಗೊತ್ತಾಗುತ್ತಿರಲಿಲ್ಲ. ಕಟ್ಟು ಬಿಚ್ಚಿದೆ. ಅದೇ ಬೂದು ಅಂಗಿ. ಉಗಿ, ಸೋಪು, ಬೆವರು, ನಮ್ಮ ಅಂಗಡಿಯ ವಾಸನೆ ಮೂಗಿಗೆ ಬಂತು, ಓದುವುದು ಬಿಟ್ಟು ಅಂಗಿಯನ್ನು ಮುಖದ ಹತ್ತಿರ ಹಿಡಿದುಕೊಂಡೆ. ಮೇಡಂ ನೀರು ಕುಡಿಯಲು ಹೇಳಿದರು.

ಬಲತೋಳಿನಿಂದ ಶುರು ಮಾಡಿದೆ. ಅಂಚಿನಲ್ಲಿ ಇಸ್ತ್ರಿಯ ಶಾಖಕ್ಕೆ ಹಳದಿಯಾದ ಹಳೆಯ ಕಲೆಗಳು. ತೊಟ್ಟವರು ಇಸ್ತ್ರಿಯವರು, ಬಲಗೈಯವರು ಎಂದೆ. ಕಣ್ಣು ಮುಚ್ಚಿಕೊಂಡೂ ಹೇಳಬಹುದಾದ ಮಾತು. ಆಗ ಕೈಗೆ ಎಡತೋಳು ಬಂತು. ಅದರ ಅಂಚಿನಲ್ಲೂ ಸುಟ್ಟ ಕಲೆ, ಹಸಿ ಹಸಿಯಾದದ್ದು, ಅಡ್ಡಾದಿಡ್ಡಿ. ನೀವು ಕೆಲಸ ಕಲಿಯುವಾಗಲೂ ಹಾಗೆ ಸುಟ್ಟುಕೊಂಡಿರಲಿಕ್ಕಿಲ್ಲ. ಮತ್ತೆ ಬಲತೋಳಿಗೆ ಬಂದೆ. ಮೊಳಕೈಯಲ್ಲಿ ಒಂದೇ ಒಂದು ಮಡಿಕೆ, ಗಟ್ಟಿಯಾಗಿ ಕೂತಿತ್ತು. ಕೈಯನ್ನು ಚಾಚಿ ಮಡಚಿ ಕೆಲಸ ಮಾಡುವವರ ತೋಳಿನಲ್ಲಿ ಹತ್ತಾರು ಸುಕ್ಕು ಇರುತ್ತವೆ. ಬಲಗಡೆಯ ಜೇಬಿನ ಬಾಯಿ ಹಿಗ್ಗಿ ಜೋತುಬಿದ್ದಿತ್ತು, ಒಂದು ಕೈಯನ್ನು ದಿನವಿಡೀ ಅಲ್ಲೇ ಇಟ್ಟುಕೊಂಡ ಹಾಗೆ. ಮೇಲಿನ ಗುಂಡಿಗಳ ಕಾಜ ಇಸ್ತ್ರಿಗೆ ಒತ್ತಿ ಗುಂಡಿಗೇ ಅಂಟಿಕೊಂಡಿತ್ತು, ಈಚೆಗೆ ಅವನ್ನು ಬಿಚ್ಚೇ ಇಲ್ಲ. ಅಂಗಿಯನ್ನು ಬನಿಯನ್ನಿನ ಹಾಗೆ ತಲೆಯ ಮೇಲಿಂದ ಎಳೆದುಕೊಳ್ಳಲಾಗಿದೆ. ಕೆಳಗಿನ ಒಂದು ಗುಂಡಿ ಬಿದ್ದು ಮತ್ತೆ ಹಚ್ಚಿದ್ದು. ಗಂಟು ಹೊರಗಡೆ ಇತ್ತು. ಗಿರಾಕಿಯ ಅಂಗಿಗೆ ನಾನು ಹಾಗೆ ಗಂಟು ಹಾಕಿದ್ದರೆ ನೀವು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಿರಿ.

ಓದುವುದು ನಿಲ್ಲಿಸಿ ಆ ಗಂಟನ್ನೇ ಬೆರಳಿನಿಂದ ಸವರತೊಡಗಿದೆ. ಭೂತಗನ್ನಡಿಯವರು ನನಗೆ ಸಹಾಯ ಮಾಡಲು ಮುಂದೆ ಬಾಗಿ ಎರಡು ತೋಳುಗಳನ್ನೂ ಜೋಡಿಸಿ ನೋಡಿದರು. ಬಹಳ ಉತ್ಸಾಹದಿಂದ, "ಇಲ್ಲಮ್ಮ, ಇದು ಒಬ್ಬರ ಅಂಗಿ ಅಲ್ಲ. ಮೊದಲು ತೊಟ್ಟೋರು ಬಲಗೈಯವರು. ಅವರು ಹೋದ್ಮೇಲೆ ಯಾರೋ ಎಡಚರು ತೊಟ್ಟಿದಾರೆ. ಕೆಲ್ಸಕ್ಕೆ ಹೊಸಬರು, ಪಾಪ. ಇಬ್ರು ತೊಟ್ಟ ಅಂಗಿ ಇದು, ಹೌದು ತಾನೆ?" ಎಂದರು.

ನಾನು, "ಹೌದು ಸರ್, ಇಬ್ರು" ಎಂದೆ.

ಅಂಕ ಬಂದದ್ದು ಅದಕ್ಕೆ. ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. ಕೂದಲಿನ ಸೂಜಿ ತೆಗೆದು ಮತ್ತೆ ಚುಚ್ಚಿಕೊಂಡರು.

ಹೊರಗೆ ಬಂದವಳೇ ಮೆಟ್ಟಿಲ ಮೇಲೆ ಕೂತು ನಿಮ್ಮ ತಂಗಿಗೆ ಫೋನು ಮಾಡಿದೆ. ನಾನು "ಅವರ ಬಲಗೈಗೆ ಏನಾಗಿದೆ" ಎಂದ ಕೂಡಲೇ ಅವರು ಅತ್ತುಬಿಟ್ಟರು. ಎಲ್ಲ ಹೇಳಿದರು. ಇಸ್ತ್ರಿ ಹಾಕುತ್ತ ನಿಂತವರ ಕೈಯಿಂದ ಪೆಟ್ಟಿಗೆ ಜಾರಿ ಬಿದ್ದದ್ದು, ಆಸ್ಪತ್ರೆ, ಲಕ್ವ ಹೊಡೆದು ಕಾಲು ಉಳಿದು ಬಲಗೈ ಮಾತ್ರ ಮಾತು ಕೇಳದೆ ಹೋದದ್ದು, ವ್ಯಾಯಾಮ ಮಾಡಿದರೆ ಅಷ್ಟಿಷ್ಟು ಬರಬಹುದು ಎಂದು ವೈದ್ಯರು ಹೇಳಿರುವುದು. ನನಗೇಕೆ ಹೇಳಲಿಲ್ಲ ಎಂದು ಜಗಳಕ್ಕೆ ನಿಂತೆ. ನೀವು ಅವರಿಗೆ ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದ ಮಾತನ್ನು ಅವರು ಹಾಗೆಯೇ ಹೇಳಿದರು. "ಅವಳಿಗೆ ಹೇಳ್ಬೇಡ. ಆವತ್ತು ಅಂದ ಮಾತಿಂದ್ಲೇ ಹಿಂಗಾಯ್ತು ಅಂದ್ಕೊಂಡು ಓದು ಬಿಟ್ಟು ಬಂದು ಕೂತ್ಕೋತಾಳೆ."

ರೀ, ಮಾತಿನಿಂದ ಯಾರ ಕೈಯೂ ಬೀಳುವುದಿಲ್ಲ ಎಂದು ನನಗೂ ಗೊತ್ತು. ನಿಮಗೆ ರಕ್ತದೊತ್ತಡ ಇತ್ತು, ಮಾತ್ರೆ ನುಂಗದೆ ಡ್ರಾಯರಿನಲ್ಲಿ ಕೂಡಿಡುತ್ತಿದ್ದಿರಿ, ಎಲ್ಲ ಗೊತ್ತು. ಆದರೂ ನಿನ್ನೆಯಿಂದ ನನ್ನ ಬಾಯಿ ನನಗೇ ಕಹಿಯಾಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಅದಕ್ಕಿಂತ ಹೆಚ್ಚು ಸಂಕಟವಾಗುವುದು ಇನ್ನೊಂದಕ್ಕೆ. ನೀವು ಎಡಗೈಯಲ್ಲಿ ಸುಟ್ಟುಕೊಳ್ಳುತ್ತ ಇಸ್ತ್ರಿ ಕಲಿಯುತ್ತಿದ್ದ ದಿನಗಳಲ್ಲಿ ನಾನು ಇಲ್ಲಿ ಕೂತು ‘ಮಾನ್ಯರೇ’ ಎಂದು ಬರೆಯುತ್ತಿದ್ದೆ. ಸತ್ತ ನಟನ ಕೋಟನ್ನು ಓದಲು ಬಂದಿತು, ಬದುಕಿರುವ ಗಂಡನ ಕಾಗದ ಓದಲು ಬರಲಿಲ್ಲ. ಆ ದಿನಗಳನ್ನು ಬಿಚ್ಚಿ ಮತ್ತೆ ಹೊಲಿಯುವ ಹಾಗಿದ್ದರೆ ಎಂದು ಎಷ್ಟು ಸಲ ಅನ್ನಿಸಿತೋ.

ನಿಮ್ಮ ತಂಗಿ ಇನ್ನೊಂದು ಹೇಳಿದರು. ಬೇರೆ ಅಂಗಿ ಕಳಿಸೋಣ, ಇದರಲ್ಲಿ ಎಲ್ಲ ಗೊತ್ತಾಗಿಬಿಡುತ್ತೆ ಎಂದು ಅವರು ಅಂದರಂತೆ. ನೀವು ಇದೇ ಇರಲಿ ಎಂದಿರಂತೆ. ಓದು ಮುಗಿಯುವ ದಿನಕ್ಕೆ ಸರಿಯಾಗಿ ಗೊತ್ತಾಗಲಿ ಎಂದೇ? ಹೋಗಬಹುದು ಎಂದು ಟೈಪು ಮಾಡಿಸಿದವರು ಹೋಗಬೇಡ ಎಂದು ಅಂಗಿಯ ಕೈಯಲ್ಲಿ ಹೇಳಿಸಿದಿರೇ? ಬಂದಾಗ ಕೇಳುತ್ತೇನೆ. ಉತ್ತರ ಹೇಳದಿದ್ದರೂ ನಡೆಯುತ್ತದೆ, ನಿಮ್ಮ ಮೊಳಕೈ ನೋಡಿಕೊಳ್ಳುತ್ತೇನೆ.

ಭಾನುವಾರದ ಬೆಳಗಿನ ಬಸ್ಸಿಗೆ ಬರುತ್ತೇನೆ. ಕಂಪನಿಯವರು ಸೋಮವಾರ ಹೊರಡುತ್ತಾರೆ. ಸ್ವಲ್ಪ ಕಾಯುತ್ತೀರಾ ಎಂದು ಕೇಳಿದೆ, ಆಗುವುದಿಲ್ಲ ಎಂದರು. ಆ ಕೆಲಸ ಪಕ್ಕದ ಕೋಣೆಯ ಹುಡುಗಿಗೆ ಹೋಯಿತು. ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. ನಿನ್ನೆ ಸಂಜೆ ಅತ್ತಿದ್ದೇನೆ. ಅರ್ಧ ನಿಮಗಾಗಿ, ಅರ್ಧ ಆ ಕೆಲಸಕ್ಕಾಗಿ. ಅಂಥ ಕರೆ ನನ್ನ ವಯಸ್ಸಿನವರಿಗೆ ಇನ್ನೊಂದು ಬರುವುದಿಲ್ಲ. ನಿಮ್ಮ ಮೇಲೆ ಹೊರೆ ಹೊರಿಸಲು ಇದನ್ನು ಹೇಳುತ್ತಿಲ್ಲ. ಮುಚ್ಚಿಟ್ಟರೆ ನಾನೂ ನಿಮ್ಮ ಹಾಗೆಯೇ ಆಗುತ್ತೇನೆ, ಒಂದು ಮನೆಗೆ ಅಂಥವರು ಒಬ್ಬರು ಸಾಕು.

ಎಷ್ಟು ದಿನಕ್ಕೆ ಬರುತ್ತಿದ್ದೇನೆ ಎಂದು ನನಗೂ ಗೊತ್ತಿಲ್ಲ. ಗುಂಡಿ ಹಚ್ಚುವ ಕಟ್ಟೆಗೆ ಮತ್ತೆ ಕೂರುವುದಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಗಾಜಿನ ಹಿಂದೆ, ಆ ಕೋಟು ನೇತುಹಾಕಿದ್ದಿರಲ್ಲ, ಆ ಜಾಗದಲ್ಲಿ ನನ್ನದೊಂದು ಕತ್ತರಿಸುವ ಮೇಜು ಹಾಕಿಸಿ. ನಾಟಕದವರು ಹುಡುಕಿಕೊಂಡು ಬಂದರೆ ಬರಲಿ. ಬೆಳಿಗ್ಗೆ ನಿಮ್ಮ ಕೈಯ ವ್ಯಾಯಾಮ ನಾನು ಮಾಡಿಸುತ್ತೇನೆ, ಬೈಯದೆ ಮಾಡಿಸುತ್ತೇನೆ ಎಂದು ಮಾತ್ರ ಭರವಸೆ ಕೊಡಲಾರೆ. ಮುಖ ಊದಿಸಿಕೊಂಡು ಮನೆಯ ಬಾಗಿಲು ತೆಗೆಯದಿದ್ದರೆ ಅಂಗಡಿಯ ಬಾಗಿಲಿನಿಂದ ಬರುತ್ತೇನೆ. ಬಂದ ಗಿರಾಕಿಯನ್ನು ನೀವು ಎಂದೂ ವಾಪಸು ಕಳಿಸಿದವರಲ್ಲ.

ಮಾತ್ರೆ ನುಂಗಿ. ತಂಗಿಯ ಮೇಲೆ ಸಿಟ್ಟು ಮಾಡಬೇಡಿ, ಹೇಳಿದ್ದು ಅವರಲ್ಲ, ನಿಮ್ಮ ಅಂಗಿ.

ಇಂತಿ,
ನೀವು ಹೆಸರು ಹಿಡಿಯದೆ ಕರೆಯುವ
‘ಏ ಇವಳೇ’

ತಾ.ಕ.: ಒಂದನ್ನು ಪರೀಕ್ಷಕರಿಗೆ ಓದಿ ಹೇಳಲಿಲ್ಲ. ಅಂಗಿಯನ್ನು ಮಗುಚಿದಾಗ ಬೆನ್ನಿನ ಮೇಲೆ ಆ ನೀಲಿ ಹಸ್ತ ಹಾಗೆಯೇ ಇತ್ತು, ಹೆಬ್ಬೆರಳಿನ ಸಮೇತ. ಭೂತಗನ್ನಡಿಯವರು ಇದೇನು ಎಂದು ಕೇಳಿದರು, ಗೊತ್ತಿಲ್ಲ ಎಂದೆ. ಬೆನ್ನಿಗಿತ್ತು, ಕಾಣಲಿಲ್ಲ ಎಂದು ನೀವು ಹೇಳುವ ಹಾಗಿಲ್ಲ. ಅದನ್ನು ವಾರ ವಾರ ತೊಳೆದು ಇಸ್ತ್ರಿ ಹಾಕುತ್ತಿದ್ದವರು ನೀವೇ. ಎಂಥ ಕಲೆಯನ್ನಾದರೂ ತೆಗೆಯುವವರು, ಬಲಗೈ ನೆಟ್ಟಗಿದ್ದ ಅಷ್ಟು ದಿನವೂ ಅದೊಂದನ್ನು ತೆಗೆಯಲಿಲ್ಲ.

ಅಂಗಿಯನ್ನು ಇದರೊಂದಿಗೆ ಲಗತ್ತಿಸಿಲ್ಲ. ನಾನೇ ತರುತ್ತೇನೆ. ತೊಳೆದಿಲ್ಲ.